ಮೂರು ವರ್ಷದ ಮಗುವಿಗೆ ಮೂರು ದಿನದ ತರಬೇತಿ

ನಮ್ಮ ಚಿಗವ್ವ ಅಂಗನವಾಡಿ ಕಾರ್ಯಕರ್ತೆ. ಕಳೆದ ಸಲ ಗುಂಡಗುರ್ತಿಗೆ ಹೋದಾಗ ಅವಳು ಆಗಷ್ಟೇ ಒಂದು ತರಬೇತಿ ಮುಗಿಸಿ ಬಂದಿದ್ದಳು. ಏನು ಕಲಿಸಿದರು ಎಂದು ಕೇಳಿದೆ. “ಗ್ವಾಡಿ ಮ್ಯಾಲ ಪಿಚ್ಚರ್ ಬಿಟ್ಟು ಓದಿದ್ರು. ಊಟ ಆತು, ಸಹಿ ಮಾಡಿಸ್ಕೊಂಡ್ರು” ಅಂದಳು. ಸ್ವಲ್ಪ ಹೊತ್ತು ಬಿಟ್ಟು, “ತಾಂಡಾದ ಕೂಸಿಗಿ ನಮ್ಮ ಮಾತು ತಿಳಿಯಂಗಿಲ್ಲ, ಅತ್ತರ ಹ್ಯಾಂಗ ಸಮಾಧಾನ ಮಾಡಬೇಕು ಅಂತ ಕೇಳ್ದೆ. ಅದು ಇವತ್ತಿನ ವಿಷಯ ಅಲ್ಲ ಅಂದ್ರು” ಅಂದಳು.

ಹಾಗಾದರೆ ಯಾವತ್ತಿನ ವಿಷಯ? ನಾನು ಈ ಲೇಖನ ಬರೆಯುತ್ತಿರುವುದು ಈ ಒಂದು ಪ್ರಶ್ನೆಗಾಗಿ.

1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಶುರುವಾಯಿತು. ಕರ್ನಾಟಕದಲ್ಲಿ ಅದರ ಮೊದಲ ನೆಲ ತಿ. ನರಸೀಪುರ. ಐವತ್ತು ವರ್ಷ ಕಳೆದಿವೆ. ಹೈಸ್ಕೂಲು ಮಕ್ಕಳಿಗೆ ಪಾಠ ಹೇಳಬೇಕಾದರೆ ಪದವಿಯ ಮೇಲೆ ಎರಡು ವರ್ಷದ ಬಿ.ಎಡ್. ಬೇಕು. ಮೂರು ವರ್ಷದ ಮಗುವಿಗೆ? ಸೇರುವಾಗ ಕೆಲವು ವಾರಗಳ ತರಬೇತಿ, ಆಮೇಲೆ ಆಗಾಗ ಪುನರ್ಮನನ. 2023ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ‘ಪೋಷಣ್ ಭಿ ಪಢಾಯಿ ಭಿ’ ಕಾರ್ಯಕ್ರಮದಲ್ಲಿ ಕಾರ್ಯಕರ್ತೆಗೆ ಮೂರು ದಿನ. 2020ರ ಶಿಕ್ಷಣ ನೀತಿ ಪಿಯುಸಿ ಓದಿದವರಿಗೆ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸ್, ಉಳಿದವರಿಗೆ ಒಂದು ವರ್ಷದ ಡಿಪ್ಲೊಮಾ ಎಂದೇನೋ ಹೇಳಿತು. ಆದರೆ ಡಿಟಿಎಚ್ ಮತ್ತು ಮೊಬೈಲಿನ ಮೂಲಕ. ಅಳುವ ಮಗುವನ್ನು ಎತ್ತಿಕೊಳ್ಳುವುದನ್ನು ಟಿವಿ ನೋಡಿ ಕಲಿಯಬೇಕಂತೆ.

ಕಾರ್ಯಕರ್ತೆಯರಿಗೆ ಓದು ಸಾಲದು, ಅದಕ್ಕೇ ಗುಣಮಟ್ಟ ಇಲ್ಲ ಎನ್ನುವವರಿದ್ದಾರೆ. ಈ ಮಾತು ನನಗೆ ಒಪ್ಪಿಗೆಯಿಲ್ಲ. ನಮ್ಮ ಕಡೆಯ ಒಂದು ಅಂಗನವಾಡಿಯಲ್ಲಿ ಕನ್ನಡ, ದಖ್ಖನಿ ಉರ್ದು, ಲಂಬಾಣಿ, ಸೇಡಂ ಕಡೆ ಹೋದರೆ ತೆಲುಗು, ಎಲ್ಲ ಒಂದೇ ಚಾಪೆಯ ಮೇಲೆ ಕೂತಿರುತ್ತವೆ. ತೊಗರಿ ರಾಶಿ ಮುಗಿದ ಮೇಲೆ ಅರ್ಧ ಮಕ್ಕಳು ಅವ್ವ-ಅಪ್ಪನ ಜೊತೆ ಗುಳೆ ಹೋಗುತ್ತಾರೆ. ತಿರುಗಿ ಬಂದಾಗ ಮೊದಲಿಂದ ಶುರು. ಇದನ್ನು ಸಂಭಾಳಿಸುವ ಹೆಂಗಸಿಗೆ ಬುದ್ಧಿ ಕಡಿಮೆಯೇ? ಅವಳ ಎದುರಿಗಿರುವ ಮಗುವನ್ನು ನೋಡಿ ತರಬೇತಿ ಕೊಡುವವರು ಕಡಿಮೆ. ಕಲಿತದ್ದನ್ನು ಮಾಡಿ ನೋಡಲು ಪುರುಸೊತ್ತೂ ಇಲ್ಲ: ತೂಕ ಬರೆ, ರೇಷನ್ ಲೆಕ್ಕ ಕೊಡು, ಪೋಷಣ್ ಟ್ರ್ಯಾಕರ್ ತುಂಬು, ಚುನಾವಣೆ ಬಂದರೆ ಮತದಾರರ ಪಟ್ಟಿ ಹಿಡಿ.

ಗುಜರಾತಿನ ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು. ಅವರ ಜೊತೆ ದುಡಿದ ತಾರಾಬಾಯಿ ಮೋಡಕ್ ಮುಂದೆ ಮಹಾರಾಷ್ಟ್ರದ ಬೋರ್ಡಿ, ಕೋಸಬಾಡಗಳಲ್ಲಿ ಆದಿವಾಸಿ ಮಕ್ಕಳ ಅಂಗಳಕ್ಕೇ ಶಾಲೆ ಒಯ್ದರು. ಮಕ್ಕಳ ನಡುವೆ ಕೂತೇ ಶಿಕ್ಷಕಿಯರು ತಯಾರಾಗಬೇಕು ಎಂಬುದು ನೂರು ವರ್ಷದ ಹಳೆಯ ತಿಳಿವಳಿಕೆ. ನಾವು ಅಂಗಳವೆಂಬ ಹೆಸರು ಉಳಿಸಿಕೊಂಡು ತರಬೇತಿಯನ್ನು ಸಭಾಂಗಣಕ್ಕೆ ಒಯ್ದೆವು.

ಇದರ ಬೇರು ದುಡ್ಡಿನಲ್ಲಿದೆ. ಅವಳನ್ನು ಸರ್ಕಾರ ನೌಕರಳೆಂದು ಕರೆಯುವುದಿಲ್ಲ, ‘ಗೌರವಧನ’ ಕೊಡುತ್ತದೆ. 2018ರಲ್ಲಿ ಕೇಂದ್ರ ತನ್ನ ಲೆಕ್ಕದಲ್ಲಿ ನಿಗದಿ ಮಾಡಿದ್ದು ತಿಂಗಳಿಗೆ 4,500 ರೂಪಾಯಿ. ಮಿಕ್ಕಿದ್ದನ್ನು ರಾಜ್ಯ ಸೇರಿಸುತ್ತದೆ. ಗ್ರಾಚ್ಯುಟಿಗೆ ಇವರು ಅರ್ಹರು ಎಂದು ಹೇಳಲು 2022ರಲ್ಲಿ ಸುಪ್ರೀಂ ಕೋರ್ಟೇ ಬರಬೇಕಾಯಿತು. ನೌಕರಳೇ ಅಲ್ಲದವಳನ್ನು ವೃತ್ತಿಗೆ ತಯಾರು ಮಾಡುವ ಖರ್ಚು ಯಾಕೆ ಎಂಬುದೇ ಒಳಗಿನ ಲೆಕ್ಕ. ಅತ್ತ ಮಕ್ಕಳ ಕಲಿಕೆಯ ಬಗ್ಗೆ ಪ್ರಬಂಧ ಬರೆಯುವ ಸಂಶೋಧಕನಿಗೆ ಜೆಆರ್‌ಎಫ್ ಸಿಕ್ಕರೆ ತಿಂಗಳಿಗೆ 37,000. ನಾನೂ ಇದೇ ಗುಂಪಿನವನು. ನನಗೆ ಮಾರ್ಗದರ್ಶಕರಿದ್ದಾರೆ, ಗ್ರಂಥಾಲಯವಿದೆ, ತಪ್ಪು ಮಾಡಲು ವರ್ಷಗಳಿವೆ. ಚಿಗವ್ವನಿಗೆ ಮೂರು ದಿನ.

ಕೇಳುತ್ತಿರುವುದು ದೊಡ್ಡದೇನಲ್ಲ. ಒಳ್ಳೆಯ ಅಂಗನವಾಡಿಯೊಂದರಲ್ಲಿ ಅನುಭವಿಯ ಪಕ್ಕ ಕೂತು ಕಲಿಯುವ ತಿಂಗಳುಗಳು. ಆ ತಿಂಗಳುಗಳಿಗೆ ಪೂರ್ತಿ ಸಂಬಳ, ಅವಳ ಕೇಂದ್ರಕ್ಕೆ ಬದಲಿ ವ್ಯವಸ್ಥೆ. ತಾಂಡಾದ ಮಾತು, ಓಣಿಯ ಉರ್ದು ಬಲ್ಲ ತರಬೇತುದಾರರು. ಆಮೇಲೆ ರಿಜಿಸ್ಟರ್ ಬಿಟ್ಟು ಮಗುವಿನ ಬಗ್ಗೆ ಮಾತಾಡಲು ತಿಂಗಳಿಗೊಮ್ಮೆ ಬರುವ ಒಬ್ಬರು.

ಇದು ಸಾಹಿತ್ಯದ ವಿಷಯವೇ ಎಂದು ನೀವು ಕೇಳಬಹುದು. ಕನ್ನಡ ಉಳಿಯಬೇಕು ಎಂದು ನಾವು ವಾರವಾರ ಬರೆಯುತ್ತೇವೆ, ಓದುತ್ತೇವೆ. ಮನೆಯಲ್ಲಿ ಕನ್ನಡವಾಡದ ಎಷ್ಟೋ ಮಕ್ಕಳಿಗೆ ಕನ್ನಡ ಮೊದಲು ಸಿಗುವುದು ಈ ಚಾಪೆಯ ಮೇಲೆ. ಅದು ಗದರಿಕೆಯಾಗಿ ಸಿಗುತ್ತದೋ, ಸಮಾಧಾನವಾಗಿ ಸಿಗುತ್ತದೋ ಎಂಬುದು ಚಿಗವ್ವನ ಪ್ರಶ್ನೆಗೆ ಯಾರಾದರೂ ಉತ್ತರ ಕೊಡುವುದರ ಮೇಲೆ ನಿಂತಿದೆ.