ಬೋಜೋಲೆಯ ಕೆಂಪು ವೈನು

ವಾಚಕ ಮಹಾಶಯರೊಬ್ಬರು ನಮಗೆ ಕಾಗದ ಬರೆದಿದ್ದಾರೆ. ಅವರ ಮಗನು ವ್ಯಾಸಂಗಕ್ಕಾಗಿ ಫ್ರಾನ್ಸಿನ ಲಿಯೋನ್ ನಗರದಲ್ಲಿದ್ದಾನೆ. ಆತನು ಇಳಿದುಕೊಂಡಿರುವ ಮನೆಯಲ್ಲಿ ರಾತ್ರಿಯ ಊಟಕ್ಕೆ ಬೋಜೋಲೆ ಎಂಬ ಕೆಂಪು ವೈನನ್ನು ಇಡುತ್ತಾರಂತೆ. ಇದು ಸಿರಿವಂತರ ವಿಲಾಸವೋ, ಕುಡುಕರ ಚಾಳಿಯೋ, ಹುಡುಗನಿಗೆ ಏನೆಂದು ಬರೆಯಬೇಕೋ ಎಂಬುದು ತಂದೆಯ ಕಳವಳ. ನಾವು ಆ ಪದಾರ್ಥವನ್ನು ಮುಟ್ಟಿದವರಲ್ಲ. ಓದಿ ತಿಳಿದಷ್ಟನ್ನು ಹೇಳಬಲ್ಲೆವು.

ಅದು ಎರಡೂ ಅಲ್ಲ. ಆ ಸೀಮೆಯಲ್ಲಿ ಅದು ಸಾಧಾರಣ ಸಂಸಾರಗಳ ಊಟದ ಪಾನೀಯ. ಲಿಯೋನಿಗೆ ಉತ್ತರದಲ್ಲಿ ಬೋಜೋಲೆಯೆಂಬ ಗುಡ್ಡಗಳ ಪ್ರದೇಶವಿದೆ. ಅಲ್ಲಿನ ಕೆಂಪು ವೈನಿಗೆ ಒದಗುವ ದ್ರಾಕ್ಷಿಯ ಜಾತಿಗೆ ಗಾಮೆ ಎಂದು ಹೆಸರು. ಈ ಗಾಮೆಗೆ ಒಂದು ಕಾಲದಲ್ಲಿ ರಾಜಕೋಪ ತಟ್ಟಿತ್ತು. 1395ರಲ್ಲಿ ಬರ್ಗಂಡಿಯ ಅಧಿಪತಿಯಾದ ಫಿಲಿಪ್ ಡ್ಯೂಕನು ಅದನ್ನು ಕೆಟ್ಟ ಗಿಡ, ದ್ರೋಹಿ ಗಿಡವೆಂದು ಜರೆದು ಕಿತ್ತೊಗೆಯುವಂತೆ ಆಜ್ಞೆ ಹೊರಡಿಸಿದನು. ಹೇರಳವಾಗಿ ಫಲ ಕೊಡುವುದೂ ಒಂದು ಅಪರಾಧವೆನಿಸಿತು! ಕುಲೀನವೆನಿಸಿದ ಪಿನೋ ನ್ವಾರ್ ಜಾತಿಯೇ ಪ್ರಭುವಿಗೆ ಪ್ರಿಯ. ಆದರೆ ತಿರಸ್ಕೃತವಾದ ಆ ಬಳ್ಳಿಗೆ ದಕ್ಷಿಣದ ಬೋಜೋಲೆಯ ಗ್ರಾನೈಟ್ ಕಲ್ಲಿನ ನೆಲವು ತೌರುಮನೆಯಂತಾಯಿತು.

ಊಟದೊಡನೆ ಅದು ಹೊಂದುವುದೇಕೆ? ನಮ್ಮ ವೈದ್ಯಶಾಸ್ತ್ರದ ಷಡ್ರಸಗಳಲ್ಲಿ ಕಷಾಯವೆಂಬುದೊಂದು. ಎಳೆಯ ಬಾಳೆಕಾಯಿಯನ್ನೋ ಹಸಿ ಅಡಕೆಯನ್ನೋ ಅಗಿದಾಗ ನಾಲಗೆಯನ್ನು ಹಿಡಿದಂತೆ ಮಾಡುವ ಒಗರು ಅದೇ. ಕೆಂಪು ವೈನಿಗೆ ಈ ಒಗರು ದ್ರಾಕ್ಷಿಯ ಸಿಪ್ಪೆ ಬೀಜಗಳಿಂದ ಬರುತ್ತದೆ. ಬೋಜೋಲೆಯವರು ಬಹುಮಟ್ಟಿಗೆ ಹಣ್ಣನ್ನು ಮೊದಲೇ ಅರೆಯದೆ ಗೊಂಚಲು ಗೊಂಚಲಾಗಿಯೇ ತೊಟ್ಟಿಗೆ ತುಂಬುತ್ತಾರೆ. ಇಂಗಾಲಾಮ್ಲ ವಾಯುವು ಅಲ್ಲಿ ಕವಿದು, ಹಣ್ಣಿನ ಒಳಗೇ ಹುದುಗು ಮೊದಲಾಗುತ್ತದೆ. ಆದಕಾರಣ ಬಣ್ಣವೂ ಪರಿಮಳವೂ ಬಂದು, ಒಗರು ಅಲ್ಪವಾಗಿಯೇ ಉಳಿಯುತ್ತದೆ. ಹುಳಿ ಮಾತ್ರ ಚುರುಕು. ಕರಿದ ತಿಂಡಿಯ ಮೇಲೆ ನಿಂಬೆಯ ಹನಿ ಮಾಡುವ ಕೆಲಸವನ್ನೇ ಈ ಹುಳಿಯು ಜಿಡ್ಡಿನ ಆಹಾರದ ಮೇಲೆ ಮಾಡುತ್ತದೆ. ಹುರಿದ ಕೋಳಿ, ಹಂದಿಮಾಂಸದ ಸಾಸೇಜು, ಬೇಯಿಸಿದ ಮೊಟ್ಟೆಯಿಟ್ಟ ಸೊಪ್ಪಿನ ಕೋಸಂಬರಿ, ಮೇಕೆಯ ಹಾಲಿನ ಚೀಸು ಇವೆಲ್ಲಕ್ಕೂ ಅದು ಒಗ್ಗುವುದು. ಅದನ್ನು 12ರಿಂದ 14 ಡಿಗ್ರಿಯಷ್ಟು ತಂಪಾಗಿಯೇ ಬಡಿಸುತ್ತಾರೆ. ಸಿಹಿಯೊಡನೆ ಸೇರದು, ಹೋಳಿಗೆ ತಿಂದ ಬಾಯಿಗೆ ಕಾಫಿ ಕಹಿಯಾಗುವುದನ್ನು ನೆನೆದರೆ ಸಾಕು. ಮೆಣಸಿನಕಾಯಿಯ ಖಾರವಂತೂ ಮದ್ಯದ ಉರಿಯನ್ನು ಹೆಚ್ಚಿಸೀತು.

ಹೊಸ ಬೋಜೋಲೆಯೆಂಬುದೊಂದುಂಟು. ಹಣ್ಣು ಕೊಯ್ದ ಕೆಲವೇ ವಾರಗಳಲ್ಲಿ ಸೀಸೆಗೆ ತುಂಬಿ, 1985ರಿಂದೀಚೆಗೆ ನವೆಂಬರಿನ ಮೂರನೆಯ ಗುರುವಾರ ಮಾರಾಟಕ್ಕೆ ಬಿಡುತ್ತಾರೆ. ಅದರ ಗದ್ದಲವೇ ದೊಡ್ಡದು. ಮೋರ್ಗೋನ್, ಫ್ಲೂರಿ ಮೊದಲಾದ ಹತ್ತು ಊರು ಸೀಮೆಗಳ ವೈನು ಇದಕ್ಕಿಂತ ಗಂಭೀರವಾದುದೆಂದು ಬಲ್ಲವರ ಮತ.

ಇನ್ನು ಹುಡುಗನ ಮಾತು. ನಿತ್ಯದ್ದೆಂದ ಮಾತ್ರಕ್ಕೆ ಅದು ಪಾನಕವಲ್ಲ. ನೂರಕ್ಕೆ 12-13 ಪಾಲು ಮದ್ಯಸಾರ ಅದರಲ್ಲಿದೆ. ಬೇಡವೆಂದರೆ ಆತನು ಬೇಡವೆನ್ನಲಿ. ನೀರಿನ ಹೂಜಿಯೂ ಆ ದೇಶದ ಮೇಜಿನ ಮೇಲೆ ಇರುವಂಥದೇ. ಆದರೆ ಇಟ್ಟವರನ್ನು ಹೀನವಾಗಿ ಕಾಣದಿರಲಿ. ಅವರು ತಮ್ಮ ಮನೆಯ ಊಟವನ್ನು ಅವನೊಡನೆ ಹಂಚಿಕೊಂಡರು, ಅಷ್ಟೆ.

ಆ ಊರಿನ ರೇಷ್ಮೆ ನೇಕಾರರಿಗೆ ಕಾನ್ಯೂ ಎಂದು ಹೆಸರು. ಅವರ ಹೆಸರಿನ ಒಂದು ತಿನಿಸಿದೆ: ನೀರಿಳಿಸಿದ ಗಟ್ಟಿ ಮೊಸರಿನಂಥ ಹಸಿ ಚೀಸಿಗೆ ಸಣ್ಣ ಈರುಳ್ಳಿ, ಹಸಿರು ಸೊಪ್ಪು, ಉಪ್ಪು, ಮೆಣಸು, ಆಲಿವ್ ಎಣ್ಣೆ ಕಲಸಿದುದು. "ನೇಕಾರನ ಮಿದುಳು" ಎಂದು ಅದರ ನಾಮಧೇಯ; ಹೆದರಬೇಕಾದುದಿಲ್ಲ, ಮಿದುಳು ಅದರಲ್ಲಿಲ್ಲ. ಬೋಜೋಲೆಯೊಡನೆ ಅಲ್ಲಿಯವರು ಅದನ್ನು ಪ್ರೀತಿಯಿಂದ ತಿನ್ನುತ್ತಾರೆ. ವೈನನ್ನು ಬಿಟ್ಟು ರೊಟ್ಟಿಯೊಡನೆಯೂ ತಿನ್ನಬಹುದು. ಚೀಸಿಗೆ ಕರುವಿನ ಜಠರದಿಂದ ತೆಗೆದ ಹೆಪ್ಪನ್ನು ಹಾಕುವುದುಂಟಾದುದರಿಂದ, ಮನೆಯವರನ್ನು ಒಂದು ಮಾತು ಕೇಳಿ ತಿಂದರೆ ಸರಿ.