ತೋಟದ ತೇವಮಾಪಕ: ಬ್ಯಾಟರಿ ಎಷ್ಟು ದಿನ ಬಾಳೀತು?

ಮಣ್ಣಿನ ತೇವ ಅಳೆದು, ತಂತಿಯಿಲ್ಲದೆ ಮನೆಗೆ ಸುದ್ದಿ ಮುಟ್ಟಿಸುವ ಉಪಕರಣಗಳನ್ನು ಮಾರುವವರು ಈಗ ಮಲೆನಾಡಿನ ತೋಟಗಳಿಗೂ ಬರುತ್ತಿದ್ದಾರೆ. ಕಾಫಿಗೆ ಹೂಮಳೆ ತಪ್ಪಿದಾಗ ಕೊಡುವ ನೀರಿಗೂ, ಅಡಿಕೆಯ ಬೇಸಿಗೆ ನೀರಿಗೂ ಇವು ನೆರವಾಗಬಲ್ಲವು. ಆ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಬೆಲೆ ಎಷ್ಟು, ಸಬ್ಸಿಡಿ ಉಂಟೋ ಎಂದು ವಿಚಾರಿಸುವ ನಾವು ಬ್ಯಾಟರಿಯ ಮಾತು ಬಂದಾಗ 'ಐದು ವರ್ಷ ಬರುತ್ತದೆ' ಎಂಬ ಉತ್ತರಕ್ಕೆ ತಲೆದೂಗಿ ಸುಮ್ಮನಾಗುತ್ತೇವೆ. ಯಾವ ಲೆಕ್ಕದ ಮೇಲೆ ಐದು ವರ್ಷ? ಈ ಪ್ರಶ್ನೆಯನ್ನು ಒಬ್ಬೊಬ್ಬರಾಗಿ ಅಲ್ಲ, ಸಂಘದ ಮೂಲಕವೇ ಕೇಳಬೇಕೆಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ ನಮ್ಮೊಬ್ಬರದೇ ಅಲ್ಲ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಕಬ್ಬು ಬೆಳೆಗಾರರದೂ ಹೌದು. ಗಡಿಯಾಚೆ ಬಾರಾಮತಿಯ ಅಗ್ರಿಕಲ್ಚರಲ್ ಡೆವಲಪ್‌ಮೆಂಟ್ ಟ್ರಸ್ಟ್ ೨೦೨೪ರಲ್ಲಿ ಕಬ್ಬಿನ ಹೊಲಗಳಲ್ಲಿ ಇಂಥ ಮಾಪಕಗಳನ್ನು ನೆಟ್ಟು, ಕಂಪ್ಯೂಟರಿನ ಸಲಹೆಯಂತೆ ನೀರು ಗೊಬ್ಬರ ಕೊಡುವ ಪ್ರಯೋಗಕ್ಕೆ ಕೈಹಾಕಿತು. ಕೃಷ್ಣಾ ತೀರದವರು ಅದನ್ನು ಕಡೆಗಣಿಸುವಂತಿಲ್ಲ, ಏಕೆಂದರೆ ನೀರು ಹೆಚ್ಚಾಗಿಯೇ ಸವಳು-ಜವಳಾದ ಭೂಮಿ ಅವರಲ್ಲಿದೆ. 'ಇನ್ನು ನೀರು ಸಾಕು' ಎಂದು ಹೇಳುವ ಉಪಕರಣ ನಮಗಿಂತ ಅವರಿಗೇ ಹೆಚ್ಚು ಬೇಕು. ಅವರದು ಬಯಲು, ನಮ್ಮದು ಗುಡ್ಡ, ನಿಜ. ಆದರೆ ಆಳೆತ್ತರ ಮೀರಿದ ಕಬ್ಬಿನ ಹಸಿ ಗರಿಯೂ, ಮಳೆಯಲ್ಲಿ ನೆನೆದ ನಮ್ಮ ನೆರಳುಮರದ ಎಲೆಯೂ ರೇಡಿಯೋ ಅಲೆಯನ್ನು ಹೀರುವುದರಲ್ಲಿ ಒಂದೇ.

ಈಗ ಲೆಕ್ಕಕ್ಕೆ ಬರೋಣ. ಉಪಕರಣ ಸುದ್ದಿ ಕಳುಹಿಸುವಾಗ ಮಾತ್ರ ಬ್ಯಾಟರಿ ಖರ್ಚಾಗುತ್ತದೆಂದು ಹಲವರ ಎಣಿಕೆ. ಹಾಗಲ್ಲ. ಯಾರಾದರೂ ಕರೆದಾರೆಂದು ಕಿವಿ ತೆರೆದು ಕಾಯುವಾಗಲೂ ಸಣ್ಣ ರೇಡಿಯೋ ಹೆಚ್ಚುಕಡಿಮೆ ಅಷ್ಟೇ ವಿದ್ಯುತ್ತು ತಿನ್ನುತ್ತದೆ. ಜೊತೆಗೂಡಿಸಿದ ಎರಡು ಒಳ್ಳೆಯ ಎಎ ಸೆಲ್ಲುಗಳಲ್ಲಿ ಸುಮಾರು ೨೪೦೦ ಮಿಲಿಆಂಪಿಯರ್-ಗಂಟೆ ಇದೆಯೆನ್ನಿ. ಕಾಯುವ ರೇಡಿಯೋ ೨೦ ಮಿಲಿಆಂಪಿಯರ್ ಎಳೆಯುತ್ತದೆನ್ನಿ. ೧೨೦ ಗಂಟೆಗೆ, ಅಂದರೆ ಐದೇ ದಿನಕ್ಕೆ ಸೆಲ್ ಖಾಲಿ! ಅದೇ ರೇಡಿಯೋ ನೂರು ಸೆಕೆಂಡಿಗೆ ಒಂದು ಸೆಕೆಂಡು ಮಾತ್ರ ಎದ್ದು ಮತ್ತೆ ಮಲಗಿದರೆ ಕಾಗದದ ಮೇಲೆ ೫೦೦ ದಿನ. ಸೆಲ್ ಬದಲಾಗಲಿಲ್ಲ, ರೇಡಿಯೋ ಬದಲಾಗಲಿಲ್ಲ. ಏಳುವ-ಮಲಗುವ ಕಟ್ಟಳೆಯಷ್ಟೇ ಬದಲಾಯಿತು. ತಂತ್ರಜ್ಞರು ಈ ಕಟ್ಟಳೆಗೆ ಪ್ರೋಟೋಕಾಲ್ ಎನ್ನುತ್ತಾರೆ. ಮಂತ್ರಿಗಳು ಬಂದಾಗ ಕೇಳಿಬರುವ ಪ್ರೋಟೋಕಾಲ್ ಬೇರೆ.

ರಾಯಬಾಗದ ಕಡೆ ಘಟಪ್ರಭಾ ಕಾಲುವೆಯ ನೀರು ಪಡೆಯುವ ರೈತನಿಗೆ ಇದನ್ನು ವಿವರಿಸಬೇಕಿಲ್ಲ. ತನ್ನ ಪಾಳಿ ಬಂದಾಗ ಎದ್ದು ನೀರು ಹಾಯಿಸಿ, ಮುಗಿದೊಡನೆ ಮಲಗುವುದು ಅವನಿಗೆ ರೂಢಿ. ಅಮೆರಿಕದ ಸಂಶೋಧಕರು ೨೦೦೨ರಲ್ಲಿ ಪ್ರಕಟಿಸಿದ ಎಸ್-ಮ್ಯಾಕ್ ಎಂಬ ಕಟ್ಟಳೆ ಇದೇ ಪಾಳಿ: ನೆರೆಹೊರೆಯ ಉಪಕರಣಗಳೆಲ್ಲ ಒಟ್ಟಿಗೆ ಏಳುವುದು, ಒಟ್ಟಿಗೆ ಮಲಗುವುದು. ೨೦೦೪ರ ಬಿ-ಮ್ಯಾಕ್‌ನಲ್ಲಿ ಗಡಿಯಾರ ಹೊಂದಿಸುವ ತಾಪತ್ರಯವಿಲ್ಲ. ಕೇಳುವವನು ಆಗಾಗ ಒಂದು ಕ್ಷಣ ಕಣ್ಣುಬಿಟ್ಟು ನೋಡುತ್ತಾನೆ, ಕರೆಯುವವನು ಅವನಿಗೆ ಎಚ್ಚರವಾಗುವಷ್ಟು ಉದ್ದಕ್ಕೆ ಕೂಗುತ್ತಾನೆ.

ಒಂದರಿಂದ ಒಂದಕ್ಕೆ ಸುದ್ದಿ ದಾಟಿಸುತ್ತ ಹೋಗುವ ಏರ್ಪಾಡಿನಲ್ಲಿ ಇನ್ನೊಂದು ತೊಡಕುಂಟು. ಮನೆಗೆ ಹತ್ತಿರವಿರುವ ಉಪಕರಣ ಎಲ್ಲರ ಸುದ್ದಿಯನ್ನೂ ಹೊತ್ತು ಮೊದಲು ಸಾಯುತ್ತದೆ; ಅದು ಸತ್ತರೆ ಹಿಂದಿನವುಗಳ ಬಾಯಿಯೂ ಕಟ್ಟಿತು. ಪಲ್ಲಕ್ಕಿ ಹೊರುವವರು ಹೆಗಲು ಬದಲಿಸುವಂತೆ ಈ ಹೊರೆಯನ್ನು ಸರದಿಯಲ್ಲಿ ಹಂಚುವ ಲೀಚ್ ಎಂಬ ಕಟ್ಟಳೆಯನ್ನು ಎಂ.ಐ.ಟಿ.ಯವರು ೨೦೦೦ದಲ್ಲಿಯೇ ಮುಂದಿಟ್ಟಿದ್ದರು.

ಇಂದು ನಮಗೆ ತೋರಿಸಲಾಗುವ ಮಾಪಕಗಳಲ್ಲಿ ಹಲವು ಲೋರಾ ಬಗೆಯವು. ನಮ್ಮ ದೇಶದಲ್ಲಿ ಪರವಾನಗಿಯಿಲ್ಲದೆ ಬಳಸಬಹುದಾದ ೮೬೫ ಮೆಗಾಹರ್ಟ್ಸ್ ಆಸುಪಾಸಿನ ಅಲೆಗಳಲ್ಲಿ ಇವು ಮಾತಾಡುತ್ತವೆ. ಎಲೆ-ಗರಿಗಳ ನಡುವೆ ಈ ಅಲೆ ವೈಫೈಯ ಅಲೆಗಿಂತ ದೂರ ಹೋಗುತ್ತದೆ. ಸುದ್ದಿಯನ್ನು ಪಕ್ಕದವನ ಕೈಗೆ ಕೊಡುವುದಿಲ್ಲ, ಎತ್ತರದಲ್ಲಿಟ್ಟ ಗೇಟ್‌ವೇ ಪೆಟ್ಟಿಗೆಗೆ ನೇರವಾಗಿ ಒಪ್ಪಿಸುತ್ತವೆ. ಒಪ್ಪಿಸಿದ ಮೇಲೆ ಎರಡು ಬಾರಿ ಕ್ಷಣಕಾಲ ಕಿವಿಗೊಟ್ಟು ಮಲಗುತ್ತವೆ. ಮಿತವ್ಯಯದ ಕಟ್ಟಳೆಯೇ ಸರಿ. ಆದರೆ ಮನೆಯಿಂದಲೇ ವಾಲ್ವು ತೆರೆಯಬೇಕು, ಅದೂ ಕೂಡಲೇ, ಎಂದರೆ ಉಪಕರಣ ಹೆಚ್ಚು ಹೊತ್ತು ಎಚ್ಚರವಿರಬೇಕು. ಐದು ವರ್ಷದ ಮಾತು ಅಲ್ಲಿಗೆ ಮುಗಿಯಿತು.

ಎಲ್ಲಕ್ಕಿಂತ ಮುಖ್ಯವಾದುದು ಗೇಟ್‌ವೇ ಇಡುವ ಜಾಗ. ಪೆಟ್ಟಿಗೆ ದೂರವಿದ್ದಷ್ಟೂ, ನಡುವೆ ಗುಡ್ಡ ಮರ ಅಡ್ಡವಿದ್ದಷ್ಟೂ ಮಾಪಕ ತನ್ನ ಮಾತನ್ನು ನಿಧಾನಿಸಿ ಎಳೆದು ಹೇಳಬೇಕು. ನಿಧಾನದ ಒಂದೊಂದು ಮೆಟ್ಟಿಲಿಗೂ ಹೇಳುವ ಹೊತ್ತು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ಬ್ಯಾಟರಿಯ ಖರ್ಚೂ ಅದರೊಡನೆ ಏರುತ್ತದೆ. ಒಬ್ಬೊಬ್ಬ ಬೆಳೆಗಾರನೂ ಜಗಲಿಯ ಮೇಲೆ ಒಂದೊಂದು ಪೆಟ್ಟಿಗೆ ಇಡುವುದಕ್ಕಿಂತ, ಸಂಘವೇ ಎತ್ತರದ ಗುಡ್ಡದ ಮೇಲೋ ಗೋದಾಮಿನ ಮಾಡಿನ ಮೇಲೋ ಒಂದನ್ನು ನಿಲ್ಲಿಸಿದರೆ ಸುತ್ತಲಿನ ಎಲ್ಲರ ಬ್ಯಾಟರಿಯೂ ಉಳಿಯುತ್ತದೆ. ಎರಡೆಕರೆಯವನಿಗೆ ಇದಕ್ಕಿಂತ ಅಗ್ಗದ ದಾರಿ ನಮಗೆ ಕಾಣದು.

ಎಷ್ಟು ಸಲ ಸುದ್ದಿ ಬೇಕು ಎಂಬುದನ್ನು ಬೆಳೆಗಾರನೇ ತೀರ್ಮಾನಿಸಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಸ್ವಿಟ್ಜರ್ಲೆಂಡಿನ ಲೋಸಾನ್ ತಾಂತ್ರಿಕ ಸಂಸ್ಥೆಯವರೊಡಗೂಡಿ ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದಲ್ಲಿ 'ಕಾಮನ್‌ಸೆನ್ಸ್ ನೆಟ್' ಎಂಬ ಪ್ರಯೋಗ ನಡೆಸಿದರು. ೨೦೦೭ರಲ್ಲಿ ಅದರ ವಿವರ ಪ್ರಕಟವಾಯಿತು. ಮಳೆಯನ್ನೇ ನಂಬಿದ ಆ ಸಣ್ಣ ರೈತರಿಗೆ ಬೇಕಾದ ಮಾಹಿತಿ ಯಾವುದೆಂದು ಅವರನ್ನೇ ಕೇಳಿ ತಿಳಿದದ್ದು ನಮಗೆ ಮೆಚ್ಚುಗೆಯಾದ ಸಂಗತಿ. ಮಣ್ಣಿನ ತೇವ ನಿಮಿಷಕ್ಕೊಮ್ಮೆ ಬದಲಾಗುವ ವಸ್ತುವಲ್ಲ. ದಿನಕ್ಕೆ ನಾಲ್ಕಾರು ಸಲ ತಿಳಿದರೆ ನಮಗೆ ಧಾರಾಳ. ಹೊಳೆಯ ವಿಷಯ ಬೇರೆ. ೨೦೧೯ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಈ ತಾಲ್ಲೂಕುಗಳ ಊರೂರಿಗೇ ನುಗ್ಗಿದ್ದನ್ನು ಯಾರೂ ಮರೆತಿಲ್ಲ. ಮಳೆಗಾಲದಲ್ಲಿ ಮುಳುಗುವ ಕಲ್ಲೋಳ-ಯಡೂರ ಸೇತುವೆಯಂಥ ಕಡೆ ನೀರಿನ ಮಟ್ಟ ಅಳೆಯುವ ಉಪಕರಣವಿಟ್ಟರೆ, ಅದು ಬೇಸಿಗೆಯಲ್ಲಿ ದಿನಕ್ಕೊಮ್ಮೆ ಎದ್ದರೆ ಸಾಕು. ನೀರು ಏರತೊಡಗಿದಾಗ ಹತ್ತು ನಿಮಿಷಕ್ಕೊಮ್ಮೆ ಏಳಲೇಬೇಕು. ಪ್ರವಾಹದ ರಾತ್ರಿಗೆ ಬೇಕಾದ ಬ್ಯಾಟರಿಯನ್ನು ಏಪ್ರಿಲ್ ತಿಂಗಳ ಹರಟೆಯಲ್ಲಿ ಮುಗಿಸುವ ಕಟ್ಟಳೆ ಯಾರಿಗೂ ಬೇಡ.

ಸೌರಫಲಕ ಇದೆಯಲ್ಲ ಎಂದು ಮಾರುವವರು ಹೇಳುತ್ತಾರೆ. ಜುಲೈ ತಿಂಗಳಲ್ಲಿ ಅಡಿಕೆ ಮರದ ಬುಡಕ್ಕೆ ಎಷ್ಟು ಬಿಸಿಲು ಬೀಳುತ್ತದೆಂಬುದನ್ನು ಅವರೊಮ್ಮೆ ಬಂದು ನೋಡಲಿ.

ಆದಕಾರಣ ಸಂಘದ ಆಡಳಿತ ಮಂಡಳಿಯವರಲ್ಲಿ ನಮ್ಮ ವಿನಂತಿ ಇಷ್ಟು. ಯಾವ ಉಪಕರಣವನ್ನೂ ಸದಸ್ಯರಿಗೆ ಶಿಫಾರಸು ಮಾಡುವ ಮೊದಲು ನಮ್ಮದೇ ತೋಟದಲ್ಲಿ ಒಂದು ಮಳೆಗಾಲ ಪೂರ್ತಿ ಇಟ್ಟು ನೋಡಬೇಕು. ದಿನಕ್ಕೆ ಎಷ್ಟು ಸಲ ಸುದ್ದಿ ಕಳುಹಿಸಿದರೆ, ಗೇಟ್‌ವೇ ಎಷ್ಟು ದೂರವಿದ್ದರೆ ಬ್ಯಾಟರಿ ಎಷ್ಟು ತಿಂಗಳು ಬರುತ್ತದೆಂದು ಬರವಣಿಗೆಯಲ್ಲಿ ಪಡೆಯಬೇಕು. ಲೋರಾವಾನ್‌ನಂಥ ಎಲ್ಲರಿಗೂ ತೆರೆದ ಕಟ್ಟಳೆಯಿರುವ ಮಾಪಕಗಳನ್ನೇ ಆರಿಸಬೇಕು. ಒಂದು ಕಂಪನಿ ಬಾಗಿಲು ಹಾಕಿದರೆ ಇನ್ನೊಂದರ ಮಾಪಕ ಅದೇ ಗೇಟ್‌ವೇಗೆ ಸೇರುವಂತಿರಬೇಕು. ಸೆಲ್ಲು ನಮ್ಮ ಪೇಟೆಯ ಅಂಗಡಿಯಲ್ಲೇ ಸಿಗುವಂಥದಾಗಿರಲಿ. ೨೦೨೨ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಮುಗಿದ ಬ್ಯಾಟರಿಯ ಹೊಣೆ ತಯಾರಕರದು. ಅದನ್ನು ಯಾರ ಕೈಗೆ, ಎಲ್ಲಿ ಒಪ್ಪಿಸಬೇಕೆಂಬುದನ್ನೂ ಅದೇ ಕರಾರಿನಲ್ಲಿ ಬರೆಸಿಕೊಳ್ಳಬೇಕು.