ಫಲಿಸದ ಒಂದು ಕಸಿ

ಹತ್ತನೆಯ ತರಗತಿಯಲ್ಲಿ ನನ್ನಿಂದ ಅನುವಂಶೀಯತೆಯ ಪಾಠ ಕೇಳಿದವರಿಗೆ ಮೆಂಡೆಲನ ಬಟಾಣಿ ಗಿಡಗಳು ನೆನಪಿರಬಹುದು. ಪ್ರಬಲ ಗುಣ ಒಂದೇ ಕಡೆಯಿಂದ ಬಂದರೂ ಪ್ರಕಟವಾಗುತ್ತದೆಂದು ಕಪ್ಪುಹಲಗೆಯ ಮೇಲೆ ಚೌಕಗಳನ್ನು ಬರೆದು ವಿವರಿಸುತ್ತಿದ್ದೆ. ಗಿಡಗಳ ಎತ್ತರಕ್ಕೆ ಅನ್ವಯಿಸುವಾಗ ಮನೋಹರವಾಗಿ ಕಾಣುವ ಈ ನಿಯಮ ಹಂಟಿಂಗ್‌ಟನ್ ಕಾಯಿಲೆಯಲ್ಲಿ ಕ್ರೂರವಾಗುತ್ತದೆ. ತಂದೆತಾಯಿಗಳಲ್ಲಿ ಒಬ್ಬರಿಗೆ ಈ ರೋಗವಿದ್ದರೆ ಪ್ರತಿಯೊಂದು ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಸಾಮಾನ್ಯವಾಗಿ ಮೂವತ್ತರಿಂದ ಐವತ್ತರ ನಡುವೆ, ಅಂದರೆ ಮದುವೆ ಮಕ್ಕಳೆಲ್ಲ ಆದ ಮೇಲೆ, ಕೈಕಾಲುಗಳು ಹಿಡಿತ ತಪ್ಪಿ ಆಡತೊಡಗುತ್ತವೆ. ಸಿಡುಕು, ಖಿನ್ನತೆ, ಬುದ್ಧಿಯ ಮಂಕು ಜೊತೆಗೂಡುತ್ತವೆ. ಇದನ್ನು ಜಾರ್ಜ್ ಹಂಟಿಂಗ್‌ಟನ್ ಎಂಬ ಅಮೆರಿಕದ ವೈದ್ಯ 1872ರಲ್ಲಿ ವರ್ಣಿಸಿದ. ಕಾರಣವಾದ ವಂಶವಾಹಿ ಸಿಕ್ಕಿದ್ದು 1993ರಲ್ಲಿ. ಗುಣಪಡಿಸುವ ಮದ್ದು ಇಂದಿಗೂ ಇಲ್ಲ.

ಈ ರೋಗದಲ್ಲಿ ಮೊದಲು ಸಾಯುವುದು ಮಿದುಳಿನ ಆಳದಲ್ಲಿರುವ ಸ್ಟ್ರಯೇಟಮ್ ಎಂಬ ಭಾಗದ ಜೀವಕೋಶಗಳು. ಗರ್ಭಪಾತವಾದ ಏಳೆಂಟು ವಾರಗಳ ಭ್ರೂಣದಿಂದ ಅದೇ ಭಾಗದ ಎಳೆಯ ಕೋಶಗಳನ್ನು ತೆಗೆದು ಅಲ್ಲಿ ನೆಟ್ಟರೆ? ಪ್ಯಾರಿಸ್ ಬಳಿಯ ಕ್ರೆಟೆಯ್‌ನಲ್ಲಿ ಐವರು ರೋಗಿಗಳಿಗೆ ಹೀಗೆ ಕಸಿ ಮಾಡಿದ ವೈದ್ಯರು, ಮೂವರು ಸುಧಾರಿಸಿದ್ದಾರೆಂದು 2000ದಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು. ಆ ಸುಧಾರಣೆ ಕೆಲವು ವರ್ಷಗಳಲ್ಲಿ ಇಳಿಯುತ್ತಾ ಬಂದಿತೆಂದು 2006ರಲ್ಲಿ ಬರೆದವರೂ ಅವರೇ. ನನಗೆ ಗೌರವ ಮೂಡಿದ್ದು ಈ ಎರಡನೆಯ ಬರಹದ ಮೇಲೆ.

ಅವರು ಅಲ್ಲಿಗೇ ನಿಲ್ಲಲಿಲ್ಲ. 45 ರೋಗಿಗಳನ್ನು ಸೇರಿಸಿಕೊಂಡು, ಕೆಲವರಿಗೆ ಮೊದಲು, ಉಳಿದವರಿಗೆ ತಡವಾಗಿ ಕಸಿ ಮಾಡಿ, ಎರಡೂ ಗುಂಪುಗಳನ್ನು ವರ್ಷಗಟ್ಟಲೆ ಹೋಲಿಸಿದರು. 2020ರಲ್ಲಿ ಪ್ರಕಟವಾದ ಫಲಿತಾಂಶ: ಪ್ರಯೋಜನವಿಲ್ಲ. ಹಲವರ ದೇಹ ಪರಕೀಯ ಅಂಗಾಂಶದ ವಿರುದ್ಧ ಪ್ರತಿಕಾಯಗಳನ್ನು ಉತ್ಪಾದಿಸಿತ್ತು. ಈ ನಡುವೆ ಬೇರೆ ಸಂಶೋಧಕರು, ಕಸಿ ಪಡೆದು ವರ್ಷಗಳ ನಂತರ ತೀರಿಕೊಂಡವರ ಮಿದುಳನ್ನು ಪರೀಕ್ಷಿಸಿದಾಗ, ನೆಟ್ಟ ಅಂಗಾಂಶ ಸೊರಗಿದ್ದು ಮಾತ್ರವಲ್ಲ, ಅದರೊಳಗೂ ರೋಗದ ವಿಕೃತ ಪ್ರೋಟೀನಿನ ಗಂಟುಗಳಿದ್ದವು. ಮಾವಿನ ಕಸಿ ಕಟ್ಟಿದವರಿಗೆ ಇದು ಬೇಗ ಅರ್ಥವಾದೀತು. ಬುಡದ ಗಿಡಕ್ಕೇ ರೋಗವಿದ್ದರೆ ಮೇಲಿನ ಕಡ್ಡಿ ಎಷ್ಟು ದಿನ ಹಸಿರಾಗಿದ್ದೀತು?

ಭ್ರೂಣವನ್ನು ಮುಟ್ಟಿದ್ದೇ ಪಾಪ, ಸೋತದ್ದು ಸರಿಯೇ ಆಯಿತು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಗರ್ಭಪಾತದ ನಿರ್ಧಾರ ಆಕೆಯದಾಗಿ, ಅದು ಆದ ಮೇಲೆ ಬೇರೆಯಾಗಿ ಒಪ್ಪಿಗೆ ಕೇಳಿ ಪಡೆದ ಅಂಗಾಂಶವನ್ನು ರೋಗಿಯ ಹಿತಕ್ಕೆ ಬಳಸುವುದರಲ್ಲಿ ನನಗೆ ಅಧರ್ಮ ಕಾಣುವುದಿಲ್ಲ. ತಲೆಬುರುಡೆ ಕೊರೆಯಿಸಿಕೊಳ್ಳಲು ಒಪ್ಪಿದ ಆ ರೋಗಿಗಳು, ಸರಿಯಾಗಿ ಪರೀಕ್ಷಿಸಿದ್ದರಿಂದಲೇ, ನಮಗೆ ಒಂದು ಖಚಿತವಾದ ಉತ್ತರವನ್ನು ಕೊಟ್ಟುಹೋಗಿದ್ದಾರೆ. ನನ್ನ ಆಕ್ಷೇಪವಿರುವುದು ಆ ಉತ್ತರ ಯಾರ ಕಿವಿಗೂ ಬೀಳದಿರುವುದರ ಬಗ್ಗೆ. ಆಸೆ ಹುಟ್ಟಿಸಿದ ಸುದ್ದಿ ಊರೆಲ್ಲ ಹರಡುತ್ತದೆ. ಸೋಲಿನ ವರದಿ ತಜ್ಞರ ಕಪಾಟಿನಲ್ಲಿ ಉಳಿಯುತ್ತದೆ.

ಇದು ಫ್ರಾನ್ಸಿನವರ ಪಾಡು ಎಂದುಕೊಳ್ಳಬೇಡಿ. ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನು ಮಾಡಿದ್ದ. ಅವನ ಅಣ್ಣನಿಗೆ ಇದೇ ಕಾಯಿಲೆ. "ಸ್ಟೆಮ್ ಸೆಲ್ ಹಾಕಿದರೆ ವಾಸಿಯಾಗುತ್ತದಂತೆ ಸಾರ್, ತೋಟ ಮಾರಲೇ?" ಎಂದು ಕೇಳಿದ. ಅವನು ಹೇಳಿದ ಆಸ್ಪತ್ರೆಯ ಜಾಹೀರಾತಿನಲ್ಲಿ ಭರವಸೆಗೇನೂ ಕೊರತೆಯಿರಲಿಲ್ಲ. ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ, ರಕ್ತದ ಕಾಯಿಲೆಗಳಂಥ ಕೆಲವನ್ನು ಬಿಟ್ಟರೆ ಸ್ಟೆಮ್ ಸೆಲ್ ಬಳಕೆ ನೋಂದಾಯಿತ ಪ್ರಯೋಗವಾಗಿ ಮಾತ್ರ ನಡೆಯಬೇಕು. ಅವನಿಗೆ ಎರಡು ಪ್ರಶ್ನೆಗಳನ್ನು ಬರೆದುಕೊಳ್ಳಲು ಹೇಳಿದೆ: ಪ್ರಯೋಗದ ನೋಂದಣಿ ಸಂಖ್ಯೆ ಯಾವುದು? ಪ್ರಯೋಗವಾದರೆ ನಮ್ಮಿಂದ ಹಣವೇಕೆ? ಎರಡಕ್ಕೂ ಅಲ್ಲಿ ಉತ್ತರ ಸಿಗಲಿಲ್ಲವಂತೆ.

ತೋಟ ಉಳಿದಿದೆ. ಅಣ್ಣನಿಗೆ ನುಂಗಲು ಕಷ್ಟವಾಗುತ್ತಿದೆ, ಅತ್ತಿಗೆ ಗಂಜಿ ಕುಡಿಸುತ್ತಾರೆ. ತಾನು ವಂಶವಾಹಿಯ ಪರೀಕ್ಷೆ ಮಾಡಿಸಿಕೊಳ್ಳಬೇಕೇ ಎಂಬುದನ್ನು ಅವನಿನ್ನೂ ತೀರ್ಮಾನಿಸಿಲ್ಲ, ನಾನೂ ಕೇಳುವುದಿಲ್ಲ.